ಪ್ಲಾಸ್ಟಿಕ್‌ನ ಆಂತರಿಕ ರಚನೆ: ಅರ್ಜಿದಾರರ ಅವಗಾಹನೆಗೆ

ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು, 2016ರಡಿ ಮರುಬಳಕೆ ಘಟಕಗಳ ನೋಂದಣಿ ಕೋರಿ ಸಲ್ಲಿಸುವ ಅರ್ಜಿಗಳಲ್ಲಿ, ಕಚ್ಚಾವಸ್ತುವಿನ ವಿವರದ ಎದುರು ‘ಪ್ಲಾಸ್ಟಿಕ್’ ಎಂಬ ಒಂದೇ ಪದವನ್ನು ನಮೂದಿಸಿರುವುದು ಕಂಡುಬರುತ್ತದೆ. ಇದು ‘ಲೋಹ’ ಎಂದು ಬರೆದಷ್ಟೇ ಅಪೂರ್ಣವಾದ ಮಾಹಿತಿ. ಯಾವ ಪಾಲಿಮರ್ ಎಂಬುದನ್ನು ಏಕೆ ತಿಳಿಸಬೇಕೆಂಬುದನ್ನು ಈ ಕೆಳಗೆ ವಿವರಿಸಲಾಗಿದೆ.

ಸಾವಿರಾರು ಸಣ್ಣ ಅಣುಗಳು ಒಂದಕ್ಕೊಂದು ಕೂಡಿಕೊಂಡು ಉಂಟಾದ ಉದ್ದನೆಯ ಸರಪಳಿಯೇ ಪಾಲಿಮರ್. ಜರ್ಮನಿಯ ಹರ್ಮನ್ ಸ್ಟೌಡಿಂಗರ್ ಅವರು 1920ರಲ್ಲಿ ಈ ವಿಚಾರವನ್ನು ಮಂಡಿಸಿದಾಗ ಅನೇಕ ವಿಜ್ಞಾನಿಗಳು ಒಪ್ಪಿರಲಿಲ್ಲ. ಅವರಿಗೆ ನೊಬೆಲ್ ಪ್ರಶಸ್ತಿ ದೊರೆತದ್ದು 1953ರಲ್ಲಿ. ಸರಪಳಿಯೊಳಗಿನ ಪರಮಾಣುಗಳನ್ನು ಬಲವಾದ ಸಹವೇಲೆನ್ಸೀಯ ಬಂಧಗಳು ಹಿಡಿದಿರುತ್ತವೆ. ಆದರೆ ಪಾಲಿಥೀನ್‌ನಂತಹ ವಸ್ತುಗಳಲ್ಲಿ ಒಂದು ಸರಪಳಿಗೂ ಪಕ್ಕದ ಸರಪಳಿಗೂ ನಡುವೆ ಇರುವುದು ದುರ್ಬಲ ಆಕರ್ಷಣೆ ಮಾತ್ರ. ಕಾಯಿಸಿದಾಗ ಈ ಆಕರ್ಷಣೆ ಸಡಿಲಗೊಂಡು ಸರಪಳಿಗಳು ಜಾರುತ್ತವೆ, ವಸ್ತು ಕರಗುತ್ತದೆ; ತಣಿದಾಗ ಪುನಃ ಗಟ್ಟಿಯಾಗುತ್ತದೆ. ಕರಗಿಸಿ ಮರುಬಳಕೆ ಮಾಡುವುದು ಸಾಧ್ಯವಾಗಿರುವುದು ಇದರಿಂದಲೇ. ಬಾಣಲೆಯ ಹಿಡಿಗೆ ಬಳಸುವ ಬೇಕಲೈಟ್‌ನಲ್ಲಾದರೋ ಸರಪಳಿಗಳ ನಡುವೆಯೂ ಸಹವೇಲೆನ್ಸೀಯ ಬಂಧಗಳಿವೆ. ಅದು ಕರಗುವುದಿಲ್ಲ, ಹೆಚ್ಚು ಕಾಯಿಸಿದರೆ ಕರಿಕಾಗುತ್ತದೆ.

ಒಂದೇ ಎಥಿಲೀನ್‌ನಿಂದ ತಯಾರಾದರೂ ಬಕೆಟ್‌ನ ಎಚ್‌ಡಿಪಿಇ ಗಡುಸು, ತೆಳು ಚೀಲದ ಎಲ್‌ಡಿಪಿಇ ಮೃದು. ನೇರ ಸೌದೆಯನ್ನು ಒತ್ತಾಗಿ ಒಟ್ಟಬಹುದು, ಕವಲುಳ್ಳ ಕಂಟಿಯನ್ನು ಹಾಗೆ ಒಟ್ಟಲಾಗದು, ವ್ಯತ್ಯಾಸ ಇಷ್ಟೆ. ಎಲ್‌ಡಿಪಿಇ ಸರಪಳಿಗಳಿಗೆ ಕವಲುಗಳು ಹೆಚ್ಚು. ಆದ್ದರಿಂದ ಅದು ಸುಮಾರು 110 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗಿದರೆ, ಎಚ್‌ಡಿಪಿಇಗೆ ಸುಮಾರು 130 ಡಿಗ್ರಿ ಬೇಕು.

ಮರುಬಳಕೆದಾರರಿಗೆ ನಿಜವಾದ ನಷ್ಟ ಉಂಟಾಗುವುದು ಪಿಇಟಿ ಬಾಟಲಿಗಳೊಡನೆ ಪಿವಿಸಿ ಬೆರೆತಾಗ. ನೀರಿನಲ್ಲಿ ಪಾಲಿಥೀನ್ ತೇಲುತ್ತದೆ, ಆದರೆ ಇವೆರಡೂ ಮುಳುಗುವುದರಿಂದ ತೊಟ್ಟಿಯಲ್ಲಿ ಬೇರ್ಪಡಿಸಲಾಗದು. ಪಿಇಟಿ ಕರಗಲು ಸುಮಾರು 250 ಡಿಗ್ರಿ ಬೇಕು. ಆ ಶಾಖಕ್ಕೆ ಪಿವಿಸಿಯಿಂದ ಹೈಡ್ರೋಜನ್ ಕ್ಲೋರೈಡ್ ಹೊರಬಂದು ಪಿಇಟಿಯ ಎಸ್ಟರ್ ಬಂಧಗಳನ್ನು ಕಡಿಯುತ್ತದೆ. ಅಲ್ಪ ಪ್ರಮಾಣದ ಪಿವಿಸಿ ಸಹ ಸರಕನ್ನು ಹಳದಿಯಾಗಿಸಿ ದುರ್ಬಲಗೊಳಿಸಬಲ್ಲದು. ಹೊರಬರುವ ಅನಿಲವು ಕೆಲಸಗಾರರ ಉಸಿರಾಟಕ್ಕೂ ಹಾನಿಕರ.

ಗೊಬ್ಬರವಾಗುವ ಚೀಲಗಳ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ಪಿಎಲ್‌ಎ ಎಂಬ ಪಾಲಿಮರ್‌ನ ಎಸ್ಟರ್ ಬಂಧಗಳನ್ನು ನೀರು ಮುರಿಯಬಲ್ಲದು, ಉಳಿದದ್ದನ್ನು ಸೂಕ್ಷ್ಮಜೀವಿಗಳು ಜೀರ್ಣಿಸಿಕೊಳ್ಳುತ್ತವೆ. ಆದರೆ ಇದಕ್ಕೆ ದೊಡ್ಡ ಗೊಬ್ಬರ ಘಟಕಗಳಲ್ಲಿರುವಂತೆ 58 ಡಿಗ್ರಿಯ ಆಸುಪಾಸಿನ ಶಾಖ ಮತ್ತು ತೇವ ಅಗತ್ಯ. ಹಿತ್ತಿಲ ಮಣ್ಣಿನಲ್ಲಿ ಬೇಗ ಕರಗೀತೆಂದು ನಿರೀಕ್ಷಿಸುವಂತಿಲ್ಲ. ಇಂತಹ ಚೀಲಗಳನ್ನು ಮಾರಾಟ ಮಾಡುವ ಮೊದಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಪಡೆಯತಕ್ಕದ್ದು. ಚೀಲದ ಮೇಲೆ ‘ಪರಿಸರ ಸ್ನೇಹಿ’ ಎಂದು ಮುದ್ರಿಸಿದ್ದು ಅದಕ್ಕೆ ಬದಲಿಯಾಗದು.

ವಸ್ತುವಿನ ಮೇಲಿನ ತ್ರಿಕೋನದೊಳಗೆ 1ರಿಂದ 7ರವರೆಗಿನ ಅಂಕಿಯೊಂದು ಇರುತ್ತದೆ. 1 ಪಿಇಟಿ, 2 ಎಚ್‌ಡಿಪಿಇ, 3 ಪಿವಿಸಿ, 4 ಎಲ್‌ಡಿಪಿಇ, 5 ಪಾಲಿಪ್ರೊಪಿಲೀನ್, 6 ಪಾಲಿಸ್ಟೈರೀನ್. ಅಂಕಿ 7 ಇದ್ದಲ್ಲಿ ಅದು ‘ಇತರೆ’ ಎಂದಷ್ಟೇ ಸೂಚಿಸುವುದರಿಂದ, ಸರಬರಾಜುದಾರರಿಂದ ಪಾಲಿಮರ್‌ನ ಹೆಸರನ್ನು ಲಿಖಿತವಾಗಿ ಪಡೆದು ಅರ್ಜಿಯಲ್ಲಿ ನಮೂದಿಸುವುದು.