ಉಸಿರಿನಲ್ಲಿ ಉಳಿದ ಯುದ್ಧ: ಸರ್ದಶ್ತ್ ಸಂತ್ರಸ್ತರು ಮತ್ತು ಮೌಖಿಕ ಸಾಕ್ಷ್ಯ

ಮೌಖಿಕ ನಿರೂಪಣೆಗಳನ್ನು ಜಾನಪದ ಅಧ್ಯಯನವು ಬಹುಮಟ್ಟಿಗೆ ಸಮುದಾಯದ ಸ್ಮೃತಿಯಾಗಿ ಪರಿಗಣಿಸುತ್ತ ಬಂದಿದೆ. ಅವು ಮನುಷ್ಯನ ದೇಹಕ್ಕೆ ಒದಗಿದ ಹಾನಿಯ ಸಾಕ್ಷ್ಯವೂ ಆಗಬಲ್ಲವು ಎಂಬುದಕ್ಕೆ ಇರಾನಿನ ಸರ್ದಶ್ತ್ ಪಟ್ಟಣದ ಅನುಭವವು ಗಮನಾರ್ಹ ನಿದರ್ಶನವಾಗಿದೆ.

ಇರಾನ್–ಇರಾಕ್ ಯುದ್ಧವು 1980ರಿಂದ 1988ರವರೆಗೆ ನಡೆಯಿತು. ಈ ಅವಧಿಯಲ್ಲಿ, 1987ರ ಜೂನ್ 28ರಂದು, ಇರಾಕಿನ ವಿಮಾನಗಳು ಗಡಿ ಸಮೀಪದ ಕುರ್ದಿಷ್ ಪಟ್ಟಣವಾದ ಸರ್ದಶ್ತ್‌ನ ಜನವಸತಿಯ ಮೇಲೆ ಸಾಸಿವೆ ಅನಿಲದ ಬಾಂಬುಗಳನ್ನು ಹಾಕಿದವು. ನೂರಕ್ಕೂ ಹೆಚ್ಚು ಜನ ಮಡಿದರು. ಸಾವಿರಾರು ನಾಗರಿಕರು ವಿಷಕ್ಕೆ ಒಡ್ಡಿಕೊಂಡರು. ರಾಸಾಯನಿಕ ಅಸ್ತ್ರಗಳ ಬಳಕೆಯನ್ನು 1925ರ ಜಿನೀವಾ ಒಡಂಬಡಿಕೆಯೇ ನಿಷೇಧಿಸಿತ್ತು.

'ಸಾಸಿವೆ ಅನಿಲ' ಎಂಬ ಹೆಸರು ದಾರಿ ತಪ್ಪಿಸುವಂಥದು. ಅದಕ್ಕೂ ಸಾಸಿವೆಗೂ ಸಂಬಂಧವಿಲ್ಲ. ಅಶುದ್ಧ ರೂಪದಲ್ಲಿ ಅದು ಸಾಸಿವೆಯಂತೆಯೋ ಬೆಳ್ಳುಳ್ಳಿಯಂತೆಯೋ ನಾರುವುದರಿಂದ ಈ ಹೆಸರು ಬಂದಿತು. ಸಾಮಾನ್ಯ ತಾಪಮಾನದಲ್ಲಿ ಅದು ಎಣ್ಣೆಯಂಥ ದ್ರವ. ಅದರ ಆವಿಯು ಗಾಳಿಗಿಂತ ಭಾರವಾದುದರಿಂದ ತಗ್ಗುಗಳಲ್ಲಿ ನೆಲೆಸುತ್ತದೆ. ಬಾಂಬು ಬಿದ್ದಾಗ ನೆಲಮಾಳಿಗೆಗೆ ಇಳಿಯಬೇಕೆಂಬ ಯುದ್ಧಕಾಲದ ರೂಢಿಯ ತಿಳಿವಳಿಕೆಯೇ ಇಲ್ಲಿ ಅಪಾಯಕ್ಕೆ ಕಾರಣವಾಗುತ್ತದೆ.

ಈ ವಿಷದ ಪರಿಣಾಮವು ಕೂಡಲೇ ಕಾಣಿಸುವುದಿಲ್ಲ. ಕಣ್ಣುರಿ, ಚರ್ಮದ ಬೊಬ್ಬೆ, ಕೆಮ್ಮು ಇವು ಕೆಲವು ಗಂಟೆಗಳ ಅನಂತರ ತೋರುತ್ತವೆ. ವಿಷವು ಜೀವಕೋಶಗಳ ಡಿ.ಎನ್.ಎ.ಯನ್ನು ಘಾಸಿಗೊಳಿಸಿ ಶ್ವಾಸನಾಳಗಳ ಒಳಪದರವನ್ನು ಹಾಳುಮಾಡುತ್ತದೆ. ಅಲ್ಲಿ ಆರಂಭವಾದ ಉರಿಯೂತವು ಅನೇಕರಲ್ಲಿ ದಶಕಗಳಾದರೂ ಪೂರ್ಣವಾಗಿ ಶಮನವಾಗುವುದಿಲ್ಲ. ಗಾಯ ಮಾಯುವ ಕ್ರಿಯೆಯಲ್ಲಿಯೇ ನಾರಿನಂಥ ಅಂಗಾಂಶ ಬೆಳೆದು ಕಿರುಶ್ವಾಸನಾಳಗಳು ಕಿರಿದಾಗುತ್ತವೆ. ಒಳಗೆಳೆದ ಗಾಳಿ ಪೂರ್ತಿ ಹೊರಬರದೆ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಕೆಮ್ಮು, ಕಫ, ಏದುಸಿರು ಇವು ನಿತ್ಯದ ಸಂಗಾತಿಗಳಾಗುತ್ತವೆ. ಈ ವಿಷಕ್ಕೆ ನಿರ್ದಿಷ್ಟ ಪ್ರತ್ಯೌಷಧವಿಲ್ಲ. ಚಿಕಿತ್ಸೆಯು ಲಕ್ಷಣಗಳನ್ನು ತಗ್ಗಿಸಬಲ್ಲದು, ಆದರೆ ಹಾನಿಯನ್ನು ಅಳಿಸಲಾರದು.

ಇಂಥ ರೋಗಿಯ ಎದೆಯ ಕ್ಷ-ಕಿರಣ ಚಿತ್ರವು ಎಷ್ಟೋ ಸಲ ಸಹಜವಾಗಿಯೇ ಕಾಣುತ್ತದೆ. ಉಸಿರನ್ನು ಹೊರಬಿಟ್ಟ ಸ್ಥಿತಿಯಲ್ಲಿ ತೆಗೆದ ಸೂಕ್ಷ್ಮ ಸಿ.ಟಿ. ಚಿತ್ರದಲ್ಲಿ ಮಾತ್ರ ಸಿಕ್ಕಿಕೊಂಡ ಗಾಳಿಯ ಗುರುತು ದೊರೆಯಬಹುದು. ದಾಳಿಯ ದಿನ ಲಘು ಲಕ್ಷಣಗಳಷ್ಟೇ ಇದ್ದವರಲ್ಲಿ ಹಲವರು ಆಸ್ಪತ್ರೆಗೆ ಹೋಗಿರಲಿಲ್ಲ. ವರ್ಷಗಳ ತರುವಾಯ ಉಸಿರಾಟ ಕಷ್ಟವಾದಾಗ ಅವರ ಬಳಿ ದಾಖಲೆಯೂ ಇರಲಿಲ್ಲ. ಇರಾನಿನಲ್ಲಿ ಯುದ್ಧದಲ್ಲಿ ಅಂಗವಿಕಲರಾದವರನ್ನು 'ಜಾನ್‌ಬಾಜ್', ಅಂದರೆ ಪ್ರಾಣವನ್ನೇ ಪಣಕ್ಕಿಟ್ಟವರು, ಎಂದು ಗೌರವಿಸಲಾಗುತ್ತದೆ. ಈ ಮನ್ನಣೆಯೊಂದಿಗೆ ಚಿಕಿತ್ಸೆ ಹಾಗೂ ನೆರವು ಸೇರಿಕೊಂಡಿರುವುದರಿಂದ ದಾಖಲೆಯ ಕೊರತೆಯು ಬದುಕಿನ ಪ್ರಶ್ನೆಯಾಗುತ್ತದೆ.

ಇಲ್ಲಿಯೇ ಮೌಖಿಕ ನಿರೂಪಣೆಯ ಮಹತ್ವವಿದೆ. ಆ ದಿನ ಎಲ್ಲಿದ್ದರು, ಗಾಳಿ ಯಾವ ಕಡೆಗೆ ಬೀಸುತ್ತಿತ್ತು, ಯಾವ ವಾಸನೆ ಬಂದಿತು, ಕಣ್ಣು ಎಷ್ಟು ಹೊತ್ತಿನ ಮೇಲೆ ಉರಿಯಿತು ಎಂಬ ವಿವರಗಳು ವೈದ್ಯನಿಗೂ ಉಪಯುಕ್ತವಾದ ಮಾಹಿತಿಗಳು. ಆದರೆ ಮರುಕಥನದಲ್ಲಿ ನೆನಪುಗಳು ಒಂದೇ ಅಚ್ಚಿಗೆ ಹೊಂದಿಕೊಳ್ಳುವುದುಂಟು. ಇನ್ನೊಬ್ಬರಿಂದ ಕೇಳಿದ ಸಂಗತಿಯೂ ಸ್ವಂತ ಅನುಭವದಲ್ಲಿ ಬೆರೆಯಬಹುದು. ಆದ್ದರಿಂದ ಪಾಠಾಂತರಗಳನ್ನು ಹೋಲಿಸಿ ನೋಡುವ ಜಾನಪದ ವಿಧಾನವು ಇಲ್ಲಿ ಅವಶ್ಯಕ. ನೆರೆಹೊರೆಯವರ ನಿರೂಪಣೆಗಳು ಪದಗಳಲ್ಲಿ ಭಿನ್ನವಾಗಿದ್ದು ಸ್ಥಳ–ಕಾಲಗಳಲ್ಲಿ ಕೂಡಿಬಂದರೆ ಅವುಗಳ ವಿಶ್ವಾಸಾರ್ಹತೆ ಹೆಚ್ಚುತ್ತದೆ.

2007ರಲ್ಲಿ ಆರಂಭವಾದ ಟೆಹರಾನ್ ಶಾಂತಿ ಸಂಗ್ರಹಾಲಯದಲ್ಲಿ ಇಂಥ ನಿರೂಪಣೆಗಳನ್ನು ಸಂಗ್ರಹಿಸುವ ಕಾರ್ಯ ನಡೆದಿದೆ; ರಾಸಾಯನಿಕ ದಾಳಿಯಿಂದ ಬದುಕುಳಿದವರೇ ಅಲ್ಲಿ ಮಾರ್ಗದರ್ಶಕರಾಗಿ ಸಂದರ್ಶಕರೊಡನೆ ಮಾತನಾಡಿದ್ದಾರೆ. ಒಳಗಾಗುವ ಹಾನಿಗೆ ಹೊರಗಿನ ಗುರುತು ಕಡಿಮೆ ಇರುವಲ್ಲಿ ಸಂತ್ರಸ್ತರ ಮಾತನ್ನು ಕ್ರಮಬದ್ಧವಾಗಿ, ಸಕಾಲದಲ್ಲಿ ದಾಖಲಿಸುವುದು ಸಂಶೋಧನೆಯ ಹೊಣೆಯಾಗಿದೆ.