ಪೀಠ ಬಿಟ್ಟವರನ್ನು ಗೆಲ್ಲಿಸಿದ ಬೆಂಗಳೂರು ದಕ್ಷಿಣ

ಕರಿಕೋಟು ಕಳಚಿ ಚುನಾವಣೆಗೆ ನಿಂತವರು ಬೆಂಗಳೂರು ದಕ್ಷಿಣಕ್ಕೆ ಹೊಸಬರಲ್ಲ. ಈಗಿನ ಸಂಸದ ತೇಜಸ್ವಿ ಸೂರ್ಯ ವಕೀಲರು. ಆರು ಸಲ ಗೆದ್ದ ಅನಂತಕುಮಾರ್ ಕಾನೂನು ಓದಿದವರು. ಆದರೆ 1977ರಲ್ಲಿ ಬಸವನಗುಡಿ, ಜಯನಗರದ ಜನ ಗೆಲ್ಲಿಸಿ ಕಳಿಸಿದ ಕೆ.ಎಸ್. ಹೆಗ್ಡೆಯವರನ್ನು ಈ ಕ್ಷೇತ್ರ ಇಷ್ಟು ಬೇಗ ಮರೆಯಬಾರದಿತ್ತು.

ಕಾರ್ಕಳ ತಾಲ್ಲೂಕಿನ ಕೌಡೂರಿನಲ್ಲಿ 1909ರಲ್ಲಿ ಹುಟ್ಟಿದ ಸದಾನಂದ ಹೆಗ್ಡೆ ಮದರಾಸಿನಲ್ಲಿ ಕಾನೂನು ಓದಿ ವಕೀಲಿಕೆಗೆ ಇಳಿದವರು. ಸರ್ಕಾರಿ ವಕೀಲರಾದರು, 1952ರಲ್ಲಿ ಕಾಂಗ್ರೆಸ್ಸಿನಿಂದ ರಾಜ್ಯಸಭೆಗೆ ಹೋದರು. 1957ರಲ್ಲಿ ಆ ಸ್ಥಾನ ಬಿಟ್ಟು ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾದರು. ಹತ್ತು ವರ್ಷದಲ್ಲಿ ಸುಪ್ರೀಂ ಕೋರ್ಟು.

ಅಲ್ಲಿ ಅವರ ಮುಂದೆ ಬಂದದ್ದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರ ಮೊಕದ್ದಮೆ. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದು 13 ನ್ಯಾಯಮೂರ್ತಿಗಳಲ್ಲಿ 7 ಮಂದಿ 1973ರ ಏಪ್ರಿಲ್ 24ರಂದು ತೀರ್ಪಿತ್ತರು. ಆ ಏಳರಲ್ಲಿ ಹೆಗ್ಡೆ ಒಬ್ಬರು. ಮರುದಿನವೇ ಆಕಾಶವಾಣಿಯ ವಾರ್ತೆಯಲ್ಲಿ ಸುದ್ದಿ ಬಂತು: ಮುಂದಿನ ಮುಖ್ಯ ನ್ಯಾಯಮೂರ್ತಿ ಎ.ಎನ್. ರೇ. ಸೇವಾ ಹಿರಿತನದಲ್ಲಿ ಅವರಿಗಿಂತ ಮುಂದಿದ್ದ ಶೆಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ಸರ್ಕಾರ ದಾಟಿ ಹೋಗಿತ್ತು. ಮೂವರೂ ರಾಜೀನಾಮೆ ಬರೆದರು. ಬಾಯಿಮುಚ್ಚಿಕೊಂಡು ಪೀಠದಲ್ಲೇ ಉಳಿದಿದ್ದರೆ ಸಂಬಳ, ಬಂಗಲೆ, ಗೌರವ ಯಾವುದಕ್ಕೂ ಕೊರತೆಯಿರಲಿಲ್ಲ. ಹೆಗ್ಡೆಯವರ ದೊಡ್ಡತನ ಇರುವುದು ಇಲ್ಲಿ ಎಂದೇ ನನ್ನ ನಂಬಿಕೆ.

ತುರ್ತುಪರಿಸ್ಥಿತಿಯ ನಂತರದ ಚುನಾವಣೆಯಲ್ಲಿ ಉತ್ತರ ಭಾರತ ಇಂದಿರಾ ಗಾಂಧಿಯವರನ್ನು ತಿರಸ್ಕರಿಸಿತು. ಕರ್ನಾಟಕ ಮಾತ್ರ 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೇ ಕೊಟ್ಟಿತು. ಜನತಾ ಪಕ್ಷಕ್ಕೆ ದಕ್ಕಿದ ಎರಡರಲ್ಲಿ ಒಂದು ಹಾಸನ, ಇನ್ನೊಂದು ಹೆಗ್ಡೆಯವರ ಬೆಂಗಳೂರು ದಕ್ಷಿಣ. ಇಡೀ ರಾಜ್ಯ ಒಂದು ಕಡೆ ವಾಲಿದಾಗ ಇಲ್ಲಿನ ಮತದಾರರು ಬೇರೆ ದಾರಿ ಹಿಡಿದರು. ಜನತಾ ಪಕ್ಷದ ಪ್ರೇರಣೆಯಾಗಿದ್ದ ಜಯಪ್ರಕಾಶ ನಾರಾಯಣರ ಹೆಸರು ಇದೇ ಭಾಗದ ಜೆ.ಪಿ. ನಗರಕ್ಕೆ ಇರುವುದೂ ನೆನಪಾಗುತ್ತದೆ.

ನೀಲಂ ಸಂಜೀವ ರೆಡ್ಡಿ ರಾಷ್ಟ್ರಪತಿ ಚುನಾವಣೆಗಾಗಿ ಸ್ಪೀಕರ್ ಸ್ಥಾನ ಬಿಟ್ಟ ಮೇಲೆ, 1977ರ ಜುಲೈನಲ್ಲಿ ಹೆಗ್ಡೆ ಲೋಕಸಭೆಯ ಸ್ಪೀಕರ್ ಆದರು. ಮರುವರ್ಷ ಚಿಕ್ಕಮಗಳೂರಿನಿಂದ ಗೆದ್ದು ಬಂದ ಇಂದಿರಾ ಅವರನ್ನು ಹಕ್ಕುಚ್ಯುತಿಯ ಆರೋಪದ ಮೇಲೆ ಸದನ ಉಚ್ಚಾಟಿಸಿದ್ದು ಇವರು ಸ್ಪೀಕರ್ ಆಗಿದ್ದಾಗಲೇ. ನಿರ್ಣಯ ಸದನದ ಬಹುಮತದ್ದು, ನಿಜ. ಆದರೂ ಚಿಕ್ಕಮಗಳೂರಿನ ಜನ ಆರಿಸಿದವರನ್ನು ತಲೆ ಎಣಿಸಿ ಹೊರಗೆ ಹಾಕಿದ್ದು ಸರಿಯೆಂದು ಒಪ್ಪಲು ನನಗೆ ಆಗುವುದಿಲ್ಲ. 1981ರಲ್ಲಿ ಮುಂದಿನ ಲೋಕಸಭೆಯೇ ಆ ನಿರ್ಣಯವನ್ನು ರದ್ದು ಮಾಡಿತು.