ಗಾಲಿಯ ಮೇಲಿನ ಮನೆ

ಗಾಲಿಗಳ ಮೇಲೆ ಮನೆ ಹೂಡಿಕೊಂಡು ಊರೂರು ತಿರುಗುವ ಪದ್ಧತಿಯು ಪಾಶ್ಚಾತ್ಯರಿಂದ ಬಂದ ಹೊಸತೆಂದು ನಮ್ಮಲ್ಲಿ ಅನೇಕರು ತಿಳಿದಿರುವರು. ಅಮೇರಿಕೆಯಲ್ಲಿ ನಿವೃತ್ತರಾದ ದಂಪತಿಗಳು ಮಂಚ, ಒಲೆ, ಸ್ನಾನದ ಕೋಣೆಗಳುಳ್ಳ ಮೋಟಾರುಗಳನ್ನು ಕೊಂಡು ತಿಂಗಳುಗಟ್ಟಲೆ ಸಂಚರಿಸುವದುಂಟು. ಅಲ್ಲಿಯ ಫ್ಲಾರಿಡಾ ಪ್ರಾಂತದ ಎವರ್‌ಗ್ಲೇಡ್ಸ್ ಎಂಬ ವಿಶಾಲವಾದ ಜೌಗುನೆಲವು 1947ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಇಂಥ ಮೋಟಾರುಗಳು ತಂಗುವ ಅಲ್ಲಿಯ ಒಂದು ಬೀಡಿಗೆ ಫ್ಲೆಮಿಂಗೋ, ಎಂದರೆ ರಾಜಹಂಸವೆಂದೇ ಹೆಸರು. 62 ವರ್ಷ ತುಂಬಿದ ತನ್ನ ನಾಗರಿಕರಿಗೆ ಆ ಸರಕಾರವು ಇಂಥ ಉದ್ಯಾನಗಳಿಗೆಲ್ಲ ಸಲ್ಲುವ ಆಜೀವ ಪ್ರವೇಶಪತ್ರವನ್ನು ಕೊಡುತ್ತದೆ.

ಆದರೆ ಹೂವಿನ ಹಿಪ್ಪರಗಿಯವರಾದ ನಮಗೆ ಇದರಲ್ಲಿ ಅಷ್ಟೇನೂ ಹೊಸತು ಕಾಣದು. (ಹಿಪ್ಪರಗಿ ಎಂದೊಡನೆ ವಾಚಕರು ಜಮಖಂಡಿಯ ಕಡೆಯ ಬ್ಯಾರೇಜನ್ನಾಗಲಿ ದೇವರ ಹಿಪ್ಪರಗಿಯನ್ನಾಗಲಿ ನೆನೆಯಬಾರದು, ನಮ್ಮದು ಬಸವನ ಬಾಗೇವಾಡಿಯ ಕಡೆಯದು.) ಬಿದಿರಿನ ಕಮಾನು ಕಟ್ಟಿ, ಜಮಖಾನೆ ಹೊದಿಸಿ, ಒಳಗೆ ಹುಲ್ಲು ಹಾಸಿದ ಸವಾರಿ ಬಂಡಿಯಲ್ಲಿ ಹಿರಿಯರು ಸವದತ್ತಿಯ ಎಲ್ಲಮ್ಮನ ಜಾತ್ರೆಗೆ ಹೋಗುತ್ತಿದ್ದರು. ಎತ್ತು ಬಿಚ್ಚಿದಲ್ಲಿಯೇ ಬೀಡು, ಮೂರು ಕಲ್ಲು ಹೂಡಿದಲ್ಲಿಯೇ ಅಡಿಗೆ. ಹೆಂಗಸರಿಗೆ ಮಾತ್ರ ಅಲ್ಲಿಯೂ ಬಿಡುವಿರುತ್ತಿರಲಿಲ್ಲ.

ಈ ಮಾತನ್ನು ಎತ್ತಿದವರು ನಮ್ಮ ಮನೆಯವರೇ. ಉಪಾಧ್ಯಾಯ ವೃತ್ತಿಯಿಂದ ನಾವು ನಿವೃತ್ತರಾದ ಮೇಲೆ, ಹಳೆಯದೊಂದು ಸಣ್ಣ ವ್ಯಾನು ಕೊಂಡು ಕೃಷ್ಣೆಯ ಹಿನ್ನೀರಿನ ಸುತ್ತ ಹನ್ನೆರಡು ದಿನ ತಿರುಗಿ ಬರೋಣವೆಂದೆವು. ಅವರು ಒಂದೇ ಕರಾರು ಹಾಕಿದರು: “ಮನಿ ಬಿಟ್ಟು ಹೋಗೂದಂದ್ರ ಒಲಿನೂ ಬಿಟ್ಟು ಹೋಗೂದರಿ. ಗಾಡ್ಯಾಗ ಕೂತು ರೊಟ್ಟಿ ಬಡಿಯಾಕ ನಾ ಬರಂಗಿಲ್ಲ.” ಮೂವತ್ತೆಂಟು ವರ್ಷಗಳ ಸಂಸಾರದಲ್ಲಿ ಇಷ್ಟು ನ್ಯಾಯವಾದ ಮಾತನ್ನು ನಾವು ಕೇಳಿರಲಿಲ್ಲ. ಖಡಕ್ ರೊಟ್ಟಿಯ ಎರಡು ಗಂಟು, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಇವೇ ನಮ್ಮ ಬುತ್ತಿಯಾದವು. ಮೊಸರು, ಕಾಯಿಪಲ್ಲೆ ಹಾದಿಯ ಹಳ್ಳಿಗಳಲ್ಲಿ ದೊರೆಯುತ್ತಿದ್ದವು. ಚಹ ಕಾಸುವದೂ ಪಾತ್ರೆ ಬೆಳಗುವದೂ ನಮ್ಮ ಪಾಲಿಗೆ ಬಂದವು.

ವಾಹನವನ್ನು ಕಡಿದು ಕಟ್ಟುವ ಗೊಡವೆಗೆ ನಾವು ಹೋಗಲಿಲ್ಲ. 1988ರ ಮೋಟಾರು ವಾಹನ ಕಾನೂನಿನಂತೆ ಗಾಡಿಯ ಮೂಲ ರಚನೆಯನ್ನು ಮನಬಂದಂತೆ ಮಾರ್ಪಡಿಸಲು ಬರುವದಿಲ್ಲ. ಆದ ಕಾರಣ ಆಸನಗಳ ಮೇಲೆ ತೆಗೆದಿಡಬಹುದಾದ ಹಲಗೆಗಳನ್ನು ಹಾಕಿ ಹಾಸಿಗೆ ಬಿಚ್ಚಿದೆವು. ಕುಡಿಯುವ ನೀರಿನ ಎರಡು ಕ್ಯಾನು, ಔಷಧಗಳ ಡಬ್ಬಿ, ಸೊಳ್ಳೆಯ ಪರದೆ, ಇಷ್ಟೇ ಸಂಸಾರ. ಹಿನ್ನೀರಿನ ದಂಡೆಯಲ್ಲಿ ಸೊಳ್ಳೆಯ ಪರದೆಯಿಲ್ಲದೆ ರಾತ್ರಿ ಕಳೆಯುವ ಸಾಹಸವನ್ನು ಯಾರೂ ಮಾಡದಿರಲಿ. ಇರುಳು ನಿಲ್ಲುವದಕ್ಕೆ ಗುಡಿಯ ಅಂಗಳವೋ ಪೆಟ್ರೋಲ್ ಬಂಕೋ ನೋಡಿ, ಅಲ್ಲಿಯವರನ್ನು ಕೇಳಿಕೊಂಡೇ ನಿಲ್ಲುತ್ತಿದ್ದೆವು.

ಫೆಬ್ರುವರಿಯ ಆರಂಭದಲ್ಲಿ ಹೊರಟು, ಬಾಗೇವಾಡಿ, ನಿಡಗುಂದಿಗಳ ಮೇಲೆ ಆಲಮಟ್ಟಿಗೆ ಬಂದೆವು. 1964ರಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಗಳು ಅಡಿಗಲ್ಲಿಟ್ಟ ಈ ಅಣೆಕಟ್ಟನ್ನು 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಮರು ರಾಷ್ಟ್ರಕ್ಕೆ ಅರ್ಪಿಸಿದರು. 26 ಬಾಗಿಲುಗಳ ಆ ಕಟ್ಟೆಯ ಪಕ್ಕದಲ್ಲಿ ಉದ್ಯಾನಗಳು ಬೆಳೆದಿವೆ. ಕಲ್ಲಿನ ಉದ್ಯಾನವನ್ನೂ ಸಂಗೀತದ ಕಾರಂಜಿಯನ್ನೂ ನೋಡಲು ಮಕ್ಕಳೊಂದಿಗೆ ಬಂದವರು ಬಹಳ. ನಮ್ಮವರ ಮನಸ್ಸು ಅದರಲ್ಲಿರಲಿಲ್ಲ.

ಕಾರಣವನ್ನು ಹೇಳಬೇಕು. ಅವರ ತವರೂರು ಇದೇ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳಲ್ಲೊಂದು. ಊರು ಬಿಡುವಾಗ ನಮ್ಮ ಅತ್ತೆಯವರು ತಲೆಬಾಗಿಲಿನ ಚೌಕಟ್ಟನ್ನು ಕಿತ್ತಿಸಿ, ಬಂಡಿಯಲ್ಲಿ ಹೇರಿಸಿ, ಪುನರ್ವಸತಿಯ ಹೊಸ ಮನೆಗೆ ಕೂಡ್ರಿಸಿದರು. ಆ ಮೇಲೆ ನಮ್ಮವರು ಒಮ್ಮೆಯೂ ಆ ದಂಡೆಗೆ ಹೋಗಿರಲಿಲ್ಲ. ಹೋಗೋಣವೆಂದರೆ ಮಾತು ಮರೆಸುತ್ತಿದ್ದರು. ಈ ಸಲ ತಾವಾಗಿ “ಅಲ್ಲಿಗೂ ಹೋಗೂಣು” ಎಂದರು.

ಘಟಪ್ರಭೆಯು ಕೃಷ್ಣೆಯನ್ನು ಕೂಡುವ ಚಿಕ್ಕಸಂಗಮ, ಬೀಳಗಿ ತಾಲೂಕಿನ ಹೆರಕಲ್ ಈ ಸುತ್ತಿನಲ್ಲಿ ನೀರು ಇಳಿಯಹತ್ತಿದಂತೆ ಕರಿಯ ರಾಡಿ ತೆರೆದುಕೊಳ್ಳುತ್ತದೆ. ರಾಜಹಂಸಗಳು ಬರುವದು ಆ ರಾಡಿಗೇ. ಅವು ಕೊಕ್ಕನ್ನು ತಲೆಕೆಳಗಾಗಿ ನೀರಿನಲ್ಲಿ ಅದ್ದಿ, ಜರಡಿ ಹಿಡಿದಂತೆ ಕೆಸರನ್ನು ಸೋಸಿ ಸಣ್ಣ ಜೀವಿಗಳನ್ನೂ ಪಾಚಿಯನ್ನೂ ತಿನ್ನುವವು. ರೆಕ್ಕೆಯ ಗುಲಾಬಿ ಬಣ್ಣವು ಆ ಆಹಾರದಿಂದಲೇ ಬಂದದ್ದು. ನಾವು ಹೋದ ದಿನ ನೂರಕ್ಕೆ ಮೇಲ್ಪಟ್ಟು ನಿಂತಿದ್ದವು.

ದಂಡೆಯಲ್ಲಿ ಬಲೆ ಒಣಗಿಸುತ್ತಿದ್ದ ತರುಣನನ್ನು ನಮ್ಮವರು ಕೇಳಿದರು: “ತಮ್ಮಾ, ಹಳೇ ಊರಿನ ಹನಮಪ್ಪನ ಗುಡಿ ಯಾವ ದಿಕ್ಕಿಗಿತ್ತು, ಗೊತ್ತದ ಏನು?”

“ಗೊತ್ತದರಿ ಅವ್ವಾರ. ಆ ಹಕ್ಕಿ ನಿಂತಾವಲ್ಲರಿ, ಅದರ ಆಚಿಕ. ಬ್ಯಾಸಗ್ಯಾಗ ನೀರು ಪೂರಾ ಇಳದ್ರ ಕಟ್ಟಿ ಕಾಣತದರಿ.”

ನೀರು ಹೊಕ್ಕಾಗ ಆ ಹುಡುಗ ಹುಟ್ಟಿದ್ದನೋ ಇಲ್ಲವೋ. ಆದರೂ ಅವನಿಗೆ ಗುಡಿಯ ದಿಕ್ಕು ತಿಳಿದಿತ್ತು. ನಮ್ಮವರು ಬಹಳ ಹೊತ್ತು ಅಲ್ಲಿಯೇ ಕುಳಿತರು. ಹಿನ್ನೀರಿನಿಂದ ಹಕ್ಕಿಗಳಿಗೆ ಒಳಿತಾಯಿತೆಂದು ಜನರು ಹೇಳುವದು ಸುಳ್ಳಲ್ಲ. ಕಾಲುವೆಗಳಿಂದ ಎಷ್ಟೋ ಒಣ ಹೊಲಗಳು ಹಸಿರಾದದ್ದೂ ಸುಳ್ಳಲ್ಲ. ಆದರೆ ಆ ದಂಡೆಯಲ್ಲಿ ಈ ಲೆಕ್ಕವನ್ನು ಅವರಿಗೆ ಒಪ್ಪಿಸುವ ಧೈರ್ಯ ನಮಗಾಗಲಿಲ್ಲ, ಆಗಬೇಕಾದದ್ದೂ ಇರಲಿಲ್ಲ. ಸಂಜೆಗೆ “ನಾಳೆನೂ ಇಲ್ಲೇ ಇರೂಣೇನ್ರಿ?” ಎಂದರು. ಎರಡು ದಿನ ಇದ್ದೆವು. ಎರಡನೆಯ ದಿನ ತಮ್ಮ ಬಾಲ್ಯದ ಬಾವಿ, ಬೇವಿನ ಕಟ್ಟೆ, ಜೋಳದ ಹೊಲಗಳನ್ನು ನೀರಿನ ಮೇಲೆ ಬೆರಳಿಟ್ಟು ತೋರಿಸುತ್ತ ನಕ್ಕರು ಕೂಡ.

ಕೂಡಲಸಂಗಮದಲ್ಲಿ ದರ್ಶನ ತೀರಿಸಿ, ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋದೆವು. ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ 2024ರಲ್ಲಿ ಸೇರಿದ ಕೆರೆಯಿದು. ಮಂಗೋಲಿಯ, ತಿಬೇಟಗಳ ಕಡೆಯಿಂದ ಹಿಮಾಲಯವನ್ನು ದಾಟಿ ಬರುವ ಪಟ್ಟೆ ತಲೆಯ ಹೆಬ್ಬಾತುಗಳು ಚಳಿಗಾಲವನ್ನು ಇಲ್ಲಿ ಕಳೆಯುವವು. ರಾತ್ರಿ ಸುತ್ತಲಿನ ಹೊಲಗಳಲ್ಲಿ ಮೇಯ್ದು, ಬೆಳಗಾಗುತ್ತಲೆ ಕೂಗುತ್ತ ಕೆರೆಗೆ ಇಳಿಯುವ ಅವುಗಳನ್ನು ನೋಡಬೇಕಾದರೆ ಸೂರ್ಯೋದಯಕ್ಕೆ ಮೊದಲೇ ಏರಿಯ ಮೇಲಿರಬೇಕು. ಕೆರೆಯ ಹತ್ತಿರವೇ ಮಲಗಿದ್ದವರಿಗೆ ಅದೇನು ಕಷ್ಟ? ಚಹದ ಲೋಟ ಹಿಡಿದು ನಾವಿಬ್ಬರೂ ಕಂಬಳಿ ಹೊದ್ದು ನಿಂತಿದ್ದೆವು.

ಅಲ್ಲಿಂದ ಹಗರಿಬೊಮ್ಮನಹಳ್ಳಿಯ ಹತ್ತಿರದ ಅಂಕಸಮುದ್ರಕ್ಕೂ ಹೋಗುವ ಮನಸ್ಸಿತ್ತು. ಆದರೆ ಶೇಂಗಾ ಹಿಂಡಿ ತೀರಿ, ರೊಟ್ಟಿಯ ಗಂಟಿನಲ್ಲಿ ಏಳೇ ಉಳಿದಿದ್ದವು. ಕರಾರು ಮುರಿಯುವಂತಿರಲಿಲ್ಲವಾಗಿ ಊರ ದಾರಿ ಹಿಡಿದೆವು.